ಉಚಿತದ ಔಚಿತ್ಯ

ಕನ್ನಡದಲ್ಲಿ ‘ಉಚಿತ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ತಕ್ಕದ್ದು ಎಂಬುದು ಒಂದು. ಬಿಟ್ಟಿಯಾಗಿ ಸಿಕ್ಕುವುದು ಎಂಬುದು ಇನ್ನೊಂದು. ಮೊದಲನೆಯದು ಅಲಂಕಾರಶಾಸ್ತ್ರದ ಗ್ರಂಥಗಳಲ್ಲಿ ವಾಸವಾಗಿದೆ, ಎರಡನೆಯದು ಪೇಟೆಯಲ್ಲಿ ಓಡಾಡಿಕೊಂಡಿದೆ. ಇವೆರಡೂ ಒಂದೇ ವಸ್ತುವಿನಲ್ಲಿ ಸಂಧಿಸುವುದು ಅಪರೂಪ. ಬಿಟ್ಟಿಯಾಗಿ ಬಂದದ್ದು ಸಾಮಾನ್ಯವಾಗಿ ತಕ್ಕದ್ದಾಗಿರುವುದಿಲ್ಲ. ತಕ್ಕದ್ದಕ್ಕೆ ಅಂಗಡಿಯವನು ತಕ್ಕ ಬೆಲೆಯನ್ನೇ ಕೇಳುತ್ತಾನೆ.

ಹಾಗೆ ಎರಡೂ ಅರ್ಥಗಳು ಕೂಡಿಬಂದ ಒಂದು ಕೃತಿಯನ್ನು ಈ ವಾರ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಅದು ಕಾವ್ಯವಲ್ಲ, ಕಾದಂಬರಿಯೂ ಅಲ್ಲ. ‘ನೆಟ್‌ನ್ಯೂಸ್‌ವೈರ್’ ಎಂಬ ಹೆಸರಿನ ಒಂದು ಆ್ಯಪ್. ಸಾಹಿತ್ಯದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ಹುಬ್ಬುಗಂಟಿಕ್ಕುವ ವಾಚಕರು ದಯವಿಟ್ಟು ತುಸು ತಾಳಬೇಕು. ನಾವು ಬರಹಗಾರನನ್ನು ವಿಮರ್ಶಿಸುತ್ತೇವೆ, ಬರಹವನ್ನು ವಿಮರ್ಶಿಸುತ್ತೇವೆ. ಬರಹವು ನಮ್ಮ ಕೈಗೆ ಬಂದು ಮುಟ್ಟುವ ದಾರಿಯನ್ನು ಮಾತ್ರ ಗಾಳಿಯಂತೆ, ಬೆಳಕಿನಂತೆ ತಾನಾಗಿ ಇರುವುದೆಂದು ಭಾವಿಸುತ್ತೇವೆ. ಅದು ತಾನಾಗಿ ಇರುವುದಲ್ಲ. ಯಾರೋ ಒಬ್ಬರು ಅದನ್ನು ದಿನವೂ ಗುಡಿಸಿ ಇಟ್ಟಿರುತ್ತಾರೆ. ಗುಡಿಸುವವರು ಒಂದು ದಿನ ಬಾರದಿದ್ದಾಗ ನಮಗೆ ದಾರಿಯೊಂದು ಇತ್ತೆಂಬುದು ತಿಳಿಯುತ್ತದೆ.

ಮೊದಲು ಪದಾರ್ಥ. ಜಾಲತಾಣವೊಂದು ತನ್ನಲ್ಲಿ ಹೊಸದಾಗಿ ಪ್ರಕಟವಾದ ಬರಹಗಳ ತಲೆಬರಹ, ತೇದಿ, ವಿಳಾಸ, ಮನಸ್ಸಿದ್ದರೆ ಇಡೀ ಬರಹ, ಇಷ್ಟನ್ನು ಗೊತ್ತಾದ ಒಂದು ಕ್ರಮದಲ್ಲಿ ಬರೆದು ಒಂದು ಕಡತವಾಗಿ ಗೊತ್ತಾದ ಕಡೆಯಲ್ಲಿ ಇಟ್ಟಿರುತ್ತದೆ. ಇದಕ್ಕೆ ‘ಫೀಡ್’ ಎಂದು ಹೆಸರು. ಫೀಡ್ ರೀಡರ್ ಎಂಬ ಆ್ಯಪು ನೀವು ಆರಿಸಿಕೊಟ್ಟ ತಾಣಗಳಿಗೆಲ್ಲ ಆಗಾಗ ಹೋಗಿ “ಹೊಸತೇನಾದರೂ ಉಂಟೆ?” ಎಂದು ಕೇಳಿ, ಉಂಟಾದರೆ ತಂದು, ಇಲ್ಲವಾದರೆ ಸುಮ್ಮನೆ ಮರಳುತ್ತದೆ. ಬೆಳಗಿನ ಪೇಪರು ಹಾಕುವ ಹುಡುಗನ ಕೆಲಸವೇ ಇದು. ವ್ಯತ್ಯಾಸವಿಷ್ಟೆ, ಈ ಹುಡುಗ ನೂರೈವತ್ತು ಪತ್ರಿಕೆಗಳನ್ನು ತರಬಲ್ಲ, ಮತ್ತು ಯಾವ ಪತ್ರಿಕೆಯನ್ನೂ ತನ್ನ ಇಷ್ಟದಂತೆ ಮೇಲೆ ಕೆಳಗೆ ಮಾಡುವುದಿಲ್ಲ. ಇಂದಿನ ಜಾಲತಾಣಗಳಲ್ಲಿ ನಾವು ಏನನ್ನು ಓದಬೇಕೆಂಬುದನ್ನು ಕಾಣದ ಕೈಯೊಂದು ಆರಿಸುತ್ತಿರುವಾಗ, ಫೀಡ್ ರೀಡರಿನಲ್ಲಿ ಆಯ್ಕೆ ಓದುಗನದೇ ಆಗಿ ಉಳಿದಿದೆ. ಫೀಡಿನ ಈ ಕ್ರಮಕ್ಕೆ ಆರ್.ಎಸ್.ಎಸ್. ಎಂಬ ಮೂರಕ್ಷರದ ಹೆಸರು. ಆ ಅಕ್ಷರಗಳನ್ನು ಕಂಡೊಡನೆ ನಮ್ಮ ನಾಡಿನವರಿಗೆ ನೆನಪಾಗುವ ಸಂಘಟನೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಾನೊಮ್ಮೆ “ಈಗ ನನ್ನ ಓದೆಲ್ಲ ಆರ್.ಎಸ್.ಎಸ್. ಮೂಲಕವೇ” ಎಂದು ಹೇಳಿ, ಅರ್ಧ ಗಂಟೆ ವಿವರಣೆ ಕೊಡಬೇಕಾಯಿತು.

ಇದು ೧೯೯೯ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿತು. ಹುಟ್ಟಿಸಿದವರಲ್ಲಿ ಒಬ್ಬರು ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ರಾಮನಾಥನ್ ಗುಹಾ. ಸಂಸ್ಥೆ ಬೇಗನೆ ಕೈಬಿಟ್ಟಿತು. ಡೇವ್ ವೈನರ್ ಮೊದಲಾದವರು ಎತ್ತಿಕೊಂಡು ಸಾಕಿದರು. ೨೦೦೨ರಲ್ಲಿ ಅದರ ಎರಡನೆಯ ರೂಪ ನೆಲೆಗೊಂಡಿತು. ಅದೇ ವರ್ಷ ಬ್ರೆಂಟ್ ಸಿಮ್ಮನ್ಸ್ ಎಂಬ ತಂತ್ರಜ್ಞರು ಆ್ಯಪಲ್ ಕಂಪ್ಯೂಟರುಗಳಿಗಾಗಿ ನೆಟ್‌ನ್ಯೂಸ್‌ವೈರ್ ಅನ್ನು ಬರೆದರು.

ಕೃತಿಯ ಮುಂದಿನ ಚರಿತ್ರೆ ಯಾವ ಕಾದಂಬರಿಯ ನಾಯಕನಿಗೂ ಬೇಡದಂಥದು. ೨೦೦೫ರಲ್ಲಿ ಅದು ನ್ಯೂಸ್‌ಗೇಟರ್ ಎಂಬ ಸಂಸ್ಥೆಗೆ ಮಾರಾಟವಾಯಿತು. ಒಂದು ಯಂತ್ರದಲ್ಲಿ ಓದಿದ್ದು ಇನ್ನೊಂದರಲ್ಲಿಯೂ ಓದಿದ್ದೆಂದು ತಿಳಿಯುವಂತೆ ಎರಡನ್ನೂ ಹೊಂದಿಸುವ ಕೆಲಸವನ್ನು ಆ ಸಂಸ್ಥೆಯ ಸೇವೆಗೆ ಕಟ್ಟಿಹಾಕಲಾಯಿತು. ೨೦೦೯ರಲ್ಲಿ ಆ ಸೇವೆ ನಿಂತಿತು. ಗೂಗಲ್ ರೀಡರ್ ಎಂಬ ಇನ್ನೊಂದು ಸೇವೆಗೆ ಕಟ್ಟಲಾಯಿತು. ೨೦೧೧ರಲ್ಲಿ ಬ್ಲ್ಯಾಕ್ ಪಿಕ್ಸೆಲ್ ಎಂಬ ಮತ್ತೊಂದು ಸಂಸ್ಥೆ ಆ್ಯಪನ್ನು ಕೊಂಡಿತು. ೨೦೧೩ರ ಮಾರ್ಚಿಯಲ್ಲಿ ಗೂಗಲ್ಲಿನವರು ತಮ್ಮ ರೀಡರನ್ನು ಮುಚ್ಚುವುದಾಗಿ ಸಾರಿ, ಜುಲೈ ೧ರಂದು ಮುಚ್ಚಿಯೇ ಬಿಟ್ಟರು. ಆಗ ಜಗತ್ತಿನಲ್ಲಿದ್ದ ಎಷ್ಟೋ ಫೀಡ್ ರೀಡರುಗಳು ಗೂಗಲ್ಲಿನ ಜಗಲಿಯ ಮೇಲೆ ಅಂಗಡಿ ಹೂಡಿದ್ದವು; ಜಗಲಿಯನ್ನು ಕಿತ್ತೊಡನೆ ಅವೆಲ್ಲ ಬೀದಿಗೆ ಬಂದವು. ನೆಟ್‌ನ್ಯೂಸ್‌ವೈರಿನ ನಾಲ್ಕನೆಯ ಆವೃತ್ತಿ ಮುಗಿದ ರೂಪದಲ್ಲಿ ಬರುವುದಕ್ಕೆ ೨೦೧೫ ಆಯಿತು. ಅಷ್ಟರಲ್ಲಿ ಓದುಗರು ಚದುರಿಹೋಗಿದ್ದರು.

೨೦೧೮ರಲ್ಲಿ ಬ್ಲ್ಯಾಕ್ ಪಿಕ್ಸೆಲ್ಲಿನವರು ಆ ಹೆಸರನ್ನು ಸಿಮ್ಮನ್ಸರಿಗೆ ಮರಳಿಸಿದರು. ಅವರು ಆ ಹೊತ್ತಿಗೆ ಬೇರೊಂದು ಹೆಸರಿನಲ್ಲಿ ಹೊಸ ರೀಡರೊಂದನ್ನು ಬುಡದಿಂದ ಬರೆಯುತ್ತಿದ್ದರು. ಅದಕ್ಕೆ ಹಳೆಯ ಹೆಸರನ್ನಿಟ್ಟು ೨೦೧೯ರಲ್ಲಿ ಐದನೆಯ ಆವೃತ್ತಿಯೆಂದು ಹೊರತಂದರು. ಈ ಸಲ ಬೆಲೆಯಿಲ್ಲ, ಜಾಹೀರಾತಿಲ್ಲ, ಮೂಲಸಂಕೇತವೆಲ್ಲ ಬಹಿರಂಗ. ಮಾರಲು ಕೃತಿಯನ್ನು ಬರೆದು, ಮಾರಿ, ಕೊಂಡವರ ಮನೆಗಳಲ್ಲಿ ಅದು ಪಟ್ಟ ಪಾಡನ್ನು ಕಂಡು, ಮತ್ತೆ ಅದೇ ಹೆಸರಿನಲ್ಲಿ ಬಿಟ್ಟಿಯಾಗಿ ಹಂಚಿದ ಲೇಖಕರು ಸಾಹಿತ್ಯದಲ್ಲಿಯೂ ವಿರಳ.

ಇನ್ನು ನಾನು ಪರೀಕ್ಷಿಸಬೇಕೆಂದಿರುವ ಪ್ರಸಂಗಕ್ಕೆ ಬರುತ್ತೇನೆ. ೨೦೨೧ರ ಆರನೆಯ ಆವೃತ್ತಿಯಲ್ಲಿ ಕರ್ತೃಗಳು (ಈಗ ಸಿಮ್ಮನ್ಸರ ಜೊತೆಗೆ ಹಲವರು ಸ್ವಯಂಸೇವಕರೂ ಸೇರಿದ್ದರು) ಎರಡು ಹೊಸ ಜೋಡಣೆಗಳನ್ನು ಕೂಡಿಸಿದರು. ಟ್ವಿಟರ್ ಮತ್ತು ರೆಡಿಟ್ ಎಂಬ ಎರಡು ದೊಡ್ಡ ತಾಣಗಳಲ್ಲಿ ಬರುವ ಮಾತುಗಳು ಕೂಡ ಉಳಿದ ಫೀಡುಗಳ ಪಕ್ಕದಲ್ಲಿಯೇ ಬಂದು ಕೂರುವಂತಾಯಿತು. ಇದು ಆ ತಾಣಗಳು ಹೊರಗಿನ ತಂತ್ರಜ್ಞರಿಗಾಗಿ ತೆರೆದಿಟ್ಟ ಎ.ಪಿ.ಐ. ಎಂಬ ಹಿತ್ತಲ ಬಾಗಿಲಿನ ಮೂಲಕ ನಡೆದ ಏರ್ಪಾಡು. ಫೀಡ್ ಎಂಬುದು ಬೀದಿಗೆ ತೆರೆದ ಹೆಬ್ಬಾಗಿಲು. ಯಾರು ಬಂದರೆಂದು ಕೇಳುವವರಿಲ್ಲ. ಹಿತ್ತಲ ಬಾಗಿಲಿಗೆ ಬೀಗವುಂಟು, ಬೀಗದ ಕೈ ಮನೆಯ ಯಜಮಾನನ ಸೊಂಟದಲ್ಲಿರುತ್ತದೆ.

೨೦೨೨ರ ಅಕ್ಟೋಬರಿನಲ್ಲಿ ಟ್ವಿಟರಿನ ಯಜಮಾನರು ಬದಲಾದರು. ೨೦೨೩ರ ಜನವರಿಯಲ್ಲಿ, ೨೦೦೭ರಿಂದ ನಡೆದುಬಂದಿದ್ದ ಟ್ವಿಟರಿಫಿಕ್‌ನಂಥ ಹೊರಗಿನ ಆ್ಯಪುಗಳಿಗೆ ಒಂದು ರಾತ್ರಿ ಬಾಗಿಲು ಹಾಕಿತು. ಕಾರಣವನ್ನು ನಿಯಮಾವಳಿಯಲ್ಲಿ ಆಮೇಲೆ ಬರೆದುಕೊಂಡರು. ಫೆಬ್ರವರಿ ೨ರಂದು, ಇನ್ನು ಮೇಲೆ ಎ.ಪಿ.ಐ. ಬಿಟ್ಟಿಯಲ್ಲ ಎಂಬ ಪ್ರಕಟಣೆ ಹೊರಬಿತ್ತು, ಒಂದು ವಾರದ ಗಡುವಿನೊಡನೆ. ರೆಡಿಟ್ಟಿನವರು ಏಪ್ರಿಲಿನಲ್ಲಿ ಅದೇ ಹಾದಿ ಹಿಡಿದರು. ಅಪೊಲೊ ಎಂಬ ಜನಪ್ರಿಯ ಆ್ಯಪಿನ ಕರ್ತೃ ಕ್ರಿಶ್ಚಿಯನ್ ಸೆಲಿಗ್ ಲೆಕ್ಕ ಹಾಕಿ, ಈ ದರದಲ್ಲಿ ತಾನು ವರ್ಷಕ್ಕೆ ಸುಮಾರು ೨ ಕೋಟಿ ಡಾಲರು ತೆರಬೇಕಾಗುವುದೆಂದು ಹೇಳಿ, ಜೂನ್ ೩೦ಕ್ಕೆ ಅಂಗಡಿ ಮುಚ್ಚಿದರು.

ನೆಟ್‌ನ್ಯೂಸ್‌ವೈರಿನವರು ಮಾಡಿದ್ದೇನು? ಫೆಬ್ರವರಿಯಲ್ಲಿಯೇ ಟ್ವಿಟರ್ ಜೋಡಣೆಯನ್ನು ಕಿತ್ತುಹಾಕಿದ ಹೊಸ ಆವೃತ್ತಿಯನ್ನು ಹೊರಡಿಸಿದರು. ಅದೇ ವರ್ಷ ರೆಡಿಟ್ ಜೋಡಣೆಯೂ ಹೋಯಿತು. ಉಳಿದದ್ದೆಲ್ಲ ಹಾಗೆಯೇ ನಡೆಯಿತು.

ಇಷ್ಟರಲ್ಲಿ ವಿಮರ್ಶೆಗೆ ಏನಿದೆ ಎಂದರೆ, ನನ್ನ ದೃಷ್ಟಿಯಲ್ಲಿ ಎಲ್ಲವೂ ಇಲ್ಲಿಯೇ ಇದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವಿತವೆಂದು ವಾದಿಸಿದವನು. ಅಲಂಕಾರ ಸ್ವತಃ ಸುಂದರವಾಗಿದ್ದರೆ ಸಾಲದು, ತಕ್ಕ ಸ್ಥಾನದಲ್ಲಿರಬೇಕು ಎಂಬುದು ಅವನ ಮತ. ಆ ಅಳತೆಯಲ್ಲಿ ನೋಡಿದರೆ ತಪ್ಪು ನಡೆದದ್ದು ೨೦೨೩ರಲ್ಲಿ ಅಲ್ಲ, ೨೦೨೧ರಲ್ಲಿ. ಕೃತಿಯ ಜೀವ ಇರುವುದು ಯಾರ ಅಪ್ಪಣೆಯೂ ಬೇಡದ ಹೆಬ್ಬಾಗಿಲಿನಲ್ಲಿ. ಅದಕ್ಕೆ ಅಪ್ಪಣೆಯ ಮೇಲೆ ನಡೆಯುವ ಎರಡು ಅಂಗಗಳನ್ನು ಹೊಲಿದದ್ದು ಅನೌಚಿತ್ಯ. ಹಿಂದೆ ಎರಡು ಸಲ ಅನ್ಯರ ಜಗಲಿಯಲ್ಲಿ ಕುಳಿತು ಏಳಿಸಿಕೊಂಡಿದ್ದ ಕೃತಿ ಮೂರನೆಯ ಸಲವೂ ಹೋಗಿ ಕೂರಬಾರದಾಗಿತ್ತು. ಏಕೆ ಕೂತಿತು? ಓದುಗರು ಕೇಳಿದರು ಎಂಬುದು ಸುಲಭದ ಉತ್ತರ. ಓದುಗರು ಕೇಳಿದರೆಂದು ಧಾರಾವಾಹಿಯ ನಾಯಕಿಯನ್ನು ಬದುಕಿಸುವ ಕಾದಂಬರಿಕಾರರನ್ನು ನಾವು ನೋಡಿಲ್ಲವೆ?

ಆದರೆ ತೆಗೆದ ರೀತಿ ಶ್ಲಾಘ್ಯವಾದದ್ದು. ಎದುರಿಗೆ ಮೂರು ದಾರಿಗಳಿದ್ದವು. ದುಡ್ಡು ತೆತ್ತು ಆ ದುಡ್ಡನ್ನು ಓದುಗರಿಂದ ವಸೂಲು ಮಾಡುವುದು, ಕಳ್ಳಗಿಂಡಿಯಲ್ಲಿ ನುಸುಳಿ ಪುಟಗಳನ್ನು ಕದ್ದು ತರುವುದು, ಇಲ್ಲವೆ ಕಿತ್ತುಹಾಕುವುದು. ಮೊದಲನೆಯದರಿಂದ ಆ್ಯಪು ‘ಉಚಿತ’ವಾಗಿ ಉಳಿಯುತ್ತಿರಲಿಲ್ಲ, ಎರಡನೆಯದರಿಂದ ಇನ್ನೊಂದು ಅರ್ಥದಲ್ಲಿ ಉಚಿತವಾಗುತ್ತಿರಲಿಲ್ಲ. ತಾನು ಬರೆದ ಸಾಲನ್ನು ತಾನೇ ಹೊಡೆದುಹಾಕುವ ಕೈ ಎಲ್ಲ ಲೇಖಕರಿಗೂ ಇರುವುದಿಲ್ಲ. ನನ್ನ ಎಂ.ಎ. ತರಗತಿಯ ಗುರುಗಳು ಪ್ರಬಂಧ ತಿದ್ದುವಾಗ ಕೆಂಪು ಶಾಯಿಯಲ್ಲಿ ಇಡೀ ಪುಟಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಏನನ್ನೂ ಬರೆಯದೆ ಕೊಟ್ಟುಬಿಡುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು.

ಕಿತ್ತದ್ದು ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸವೇ ಇಲ್ಲಿ ಹೆಚ್ಚು, ಮತ್ತು ಅದರ ಬಗ್ಗೆ ನನ್ನಂಥ ಹಳಗನ್ನಡದ ಮೇಷ್ಟ್ರಿಗೆ ವಿಶೇಷ ಸಲುಗೆ. ಫೀಡ್ ಎಂಬುದು ಶಾಸ್ತ್ರದಲ್ಲಿ ಒಂದು ಕ್ರಮ, ವ್ಯವಹಾರದಲ್ಲಿ ನೂರು ಕ್ರಮ. ತೇದಿಯನ್ನು ಒಬ್ಬರು ಬರೆದಂತೆ ಇನ್ನೊಬ್ಬರು ಬರೆಯುವುದಿಲ್ಲ. ಆರ್.ಎಸ್.ಎಸ್. ಒಂದು ರೀತಿ ಹೇಳಿದರೆ, ೨೦೦೫ರಲ್ಲಿ ಅದಕ್ಕೆ ಪ್ರತಿಯಾಗಿ ನೆಲೆಗೊಂಡ ಆ್ಯಟಮ್ ಇನ್ನೊಂದು ರೀತಿ ಹೇಳುತ್ತದೆ. ಪ್ರತಿ ಬರಹಕ್ಕೂ ಬೇರೆಲ್ಲೂ ಇಲ್ಲದ ಒಂದು ಗುರುತು ಇರಬೇಕೆಂಬುದು ಆಶಯ. ತಾಣದವರು ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಆ ಗುರುತುಗಳನ್ನು ಬದಲಿಸಿಬಿಟ್ಟರೆ, ನೀವು ಎಂದೋ ಓದಿ ಮುಗಿಸಿದ ಲೇಖನಗಳೆಲ್ಲ ಒಂದು ಬೆಳಿಗ್ಗೆ ಹೊಸವಾಗಿ ಬಂದು ಸಾಲುಗಟ್ಟಿ ನಿಲ್ಲುತ್ತವೆ. ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು, ಲಿಪಿಕಾರನ ಕೈತಪ್ಪು ಯಾವುದು, ಕವಿಯ ಪಾಠ ಯಾವುದು ಎಂದು ತಡಕುವ ಗ್ರಂಥಸಂಪಾದಕನ ಸ್ಥಿತಿಯೇ ಫೀಡ್ ರೀಡರ್ ಬರೆಯುವವನದೂ. ಒಂದು ಭೇದವುಂಟು: ಸಂಪಾದಕನ ಪ್ರತಿಗಳು ಕಪಾಟಿನಲ್ಲಿ ಸುಮ್ಮನೆ ಮಲಗಿರುತ್ತವೆ, ಇವನ ಪ್ರತಿಗಳು ರಾತ್ರೋರಾತ್ರಿ ತಾವೇ ತಿದ್ದಿಕೊಳ್ಳುತ್ತವೆ. ಈಚೆಗೆ ಕೃತಕಬುದ್ಧಿಯ ಯಂತ್ರಗಳು ಪುಟಗಳನ್ನು ದೋಚುವುದು ಹೆಚ್ಚಿದ ಮೇಲೆ ಹಲವು ತಾಣಗಳು ಬಾಗಿಲಲ್ಲಿ ಕಾವಲು ಹಾಕಿವೆ. ಆ ಕಾವಲುಗಾರನಿಗೆ ದೋಚುವವನೂ ಪೇಪರು ಹುಡುಗನೂ ಒಂದೇ ಆಗಿ ಕಾಣುತ್ತಾರೆ.

ಈ ಕೆಲಸಕ್ಕೆ ಸಂಬಳವಿಲ್ಲ. ಕರ್ತೃಗಳು ಕಾಣಿಕೆಯನ್ನೂ ತೆಗೆದುಕೊಳ್ಳುವುದಿಲ್ಲ. ನೆರವಾಗಬೇಕೆಂಬ ಮನಸ್ಸಿದ್ದರೆ ನೀವೂ ಒಂದು ಬ್ಲಾಗ್ ಬರೆಯಿರಿ, ಬೇರೆಯವರು ಮಾಡಿದ ಆ್ಯಪುಗಳಿಗೆ ದುಡ್ಡು ಕೊಡಿ ಎಂಬ ಧಾಟಿಯ ಸಲಹಾಪತ್ರವೊಂದನ್ನು ಬರೆದಿಟ್ಟಿದ್ದಾರೆ. ನನಗೆ ಇದನ್ನೋದಿದಾಗ ಅತ್ತಿಮಬ್ಬೆಯ ನೆನಪಾಯಿತು. ಪೊನ್ನನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಮಾಡಿಸಿ ಆಕೆ ದಾನವಿತ್ತದ್ದನ್ನು ನಮ್ಮ ಹುಡುಗರಿಗೆ ಪ್ರತಿವರ್ಷವೂ ಹೇಳುತ್ತೇನೆ. ಆ ಸಾವಿರ ಪ್ರತಿಗಳನ್ನು ಹುಳ ಹಿಡಿಯದಂತೆ ಎಣ್ಣೆ ಸವರಿ, ಮುರಿದ ಗರಿಯನ್ನು ಮತ್ತೆ ಬರೆದು ಇಟ್ಟವರು ಯಾರೆಂದು ಮಾತ್ರ ಹೇಳುವುದಿಲ್ಲ. ನನಗೂ ಯಾರೂ ಹೇಳಿಕೊಡಲಿಲ್ಲ. ನೆಟ್‌ನ್ಯೂಸ್‌ವೈರಿನಲ್ಲಿ ದಾನಿಯೂ ಎಣ್ಣೆ ಸವರುವವನೂ ಒಬ್ಬನೇ ಆಗಿರುವುದು ವಿಶೇಷ.

ಇಷ್ಟು ಹೊಗಳಿದ ಮೇಲೆ ದೋಷಗಳನ್ನು ಹೇಳದಿದ್ದರೆ ಇದು ವಿಮರ್ಶೆಯಾಗದೆ ಸನ್ಮಾನಪತ್ರವಾದೀತು. ಈ ಆ್ಯಪು ನಡೆಯುವುದು ಆ್ಯಪಲ್ ಸಂಸ್ಥೆಯ ಯಂತ್ರಗಳಲ್ಲಿ ಮಾತ್ರ. ಊಟ ಧರ್ಮದ್ದು ನಿಜ, ಆದರೆ ಎಲೆಯ ಬೆಲೆ ಅತಿಥಿ ಉಪನ್ಯಾಸಕನ ತಿಂಗಳ ಸಂಬಳವನ್ನು ನುಂಗಿಹಾಕುತ್ತದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ತಾನು ಬಳಸಿ ಬಿಟ್ಟ ಐಪ್ಯಾಡನ್ನು ಕೊಡದಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲ. ಇದು ಹಣದ ಮಾತಾಯಿತು. ತತ್ತ್ವದ ಮಾತು ಇನ್ನೂ ಬಿಗಿಯಾದದ್ದು: ಟ್ವಿಟರಿನ ಜಗಲಿಯಿಂದ ಎದ್ದು ಬಂದವರು ಈಗಲೂ ಕುಳಿತಿರುವುದು ಇನ್ನೊಂದು ದೊಡ್ಡ ಮನೆಯ ಜಗಲಿಯ ಮೇಲೆಯೇ. ಐಫೋನಿಗೆ ಆ್ಯಪು ಹೋಗಬೇಕಾದರೆ ಸಾಮಾನ್ಯವಾಗಿ ಆ್ಯಪಲ್ಲಿನ ಅಂಗಡಿಯ ಮೂಲಕ ಹೋಗಬೇಕು. ಯಂತ್ರಗಳನ್ನು ಹೊಂದಿಸುವ ಐಕ್ಲೌಡ್ ಕೂಡ ಅವರದೇ.

ಇದು ಸಿಮ್ಮನ್ಸರಿಗೆ ತಿಳಿಯದ ವಿಷಯವಲ್ಲ. ಯಾವ ಬ್ರೌಸರಿನಲ್ಲಿಯೂ ತೆರೆಯುವ ಜಾಲ-ಆ್ಯಪನ್ನಾಗಿ ಇದನ್ನೇಕೆ ಮಾಡಲಿಲ್ಲವೆಂದು ಅವರು ೨೦೨೫ರಲ್ಲಿ ಒಂದು ಲೇಖನ ಬರೆದರು. ಹಾಗೆ ಮಾಡಿದರೆ ಸರ್ವರಿನ ಖರ್ಚು ತಮ್ಮ ತಲೆಯ ಮೇಲೆ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಾರು ಏನನ್ನು ಓದುತ್ತಾರೆಂಬ ಪಟ್ಟಿ ತಮ್ಮ ಕೈಯಲ್ಲಿ ಬಂದು ಕೂರುತ್ತದೆ, ಅಧಿಕಾರಿಗಳು ಕೇಳಿದರೆ ಕೊಡಬೇಕಾದೀತು ಎಂಬುದು ಅವರ ವಾದದ ಸಾರ. ಎರಡನೆಯ ಕಾರಣ ನನಗೆ ತೂಕದ್ದೆನಿಸಿತು. ಗ್ರಂಥಾಲಯದ ಲೆಡ್ಜರನ್ನು ಬರೆಯದೇ ಇರುವುದಕ್ಕಾಗಿ ಗ್ರಂಥಾಲಯವನ್ನೇ ಕಟ್ಟದಿರುವ ವಿವೇಕವದು. ಆದರೂ ಒಪ್ಪಿಗೆ ಪೂರ್ತಿಯಾಗಲಿಲ್ಲ. ಓದುಗನ ಸ್ವಾತಂತ್ರ್ಯದ ಮಾತು ದುಬಾರಿ ಯಂತ್ರವುಳ್ಳ ಓದುಗನಲ್ಲಿಯೇ ನಿಂತುಬಿಡುತ್ತದೆ.

ಬಿಟ್ಟಿಯಾಗಿ ದುಡಿಯುವ ಆದರ್ಶವೂ ಎಲ್ಲರಿಗೂ ಅನ್ವಯಿಸುವುದಲ್ಲ. ಹಿಂದೆ ಆ್ಯಪು ಮಾರಿ ಬದುಕಿದವರು, ಬೇರೆ ಕಡೆ ನೌಕರಿಯಿದ್ದವರು “ದುಡ್ಡು ಬೇಡ” ಎನ್ನಬಲ್ಲರು. ಹುಬ್ಬಳ್ಳಿಯಲ್ಲಿಯೋ ಶಿವಮೊಗ್ಗದಲ್ಲಿಯೋ ಕನ್ನಡಕ್ಕೆಂದು ಒಂದು ರೀಡರು ಬರೆಯುವ ಹುಡುಗ ಹಾಗೆನ್ನಲಾರ, ಎನ್ನಬೇಕಾಗಿಯೂ ಇಲ್ಲ.

ಕೊನೆಯ ದೋಷವನ್ನು ಈ ಒಂದು ಆ್ಯಪಿನ ಮೇಲೆ ಹೊರಿಸುತ್ತಿಲ್ಲ. ಅದು ಈ ಜಾತಿಯದ್ದೇ ದೋಷ. ಅದು ತಿಳಿದದ್ದು ಹೀಗೆ. ಧಾರವಾಡದಲ್ಲಿ ನನಗೊಬ್ಬರು ಹಿರಿಯ ಮಿತ್ರರಿದ್ದಾರೆ, ನಿವೃತ್ತ ಅಧ್ಯಾಪಕರು. ಒಂದು ಜಾಲಪತ್ರಿಕೆಯಲ್ಲಿ (ಅದರ ಹೆಸರು ಇಲ್ಲಿ ಬೇಡ) ಪ್ರತಿ ಗುರುವಾರ ಒಂದು ಹಳಗನ್ನಡ ಪದವನ್ನು ಹಿಡಿದು ಒಂದು ಪುಟ ಬರೆಯುತ್ತಾರೆ. ಶುಕ್ರವಾರ ಬೆಳಿಗ್ಗೆ ತರಗತಿಗೆ ಹೋಗುವ ಮುಂಚೆ ಅದನ್ನು ಓದುವುದು ನನ್ನ ರೂಢಿ. ಎಷ್ಟೋ ಸಲ ಅವರ ಪದವೇ ನನ್ನ ಪಾಠವಾಗಿದೆ. ಎರಡು ವರ್ಷದ ಹಿಂದೆ ಅದು ಬರುವುದು ನಿಂತಿತು. ಅವರಿಗೆ ಎಪ್ಪತ್ತು ದಾಟಿತ್ತು, ಕಣ್ಣಿನ ತೊಂದರೆಯೂ ಇತ್ತು. ಬರೆಯುವುದನ್ನು ಬಿಟ್ಟಿರಬೇಕು, ಕೇಳಿ ನೋಯಿಸುವುದೇಕೆ ಎಂದು ನಾನು ಸುಮ್ಮನಿದ್ದೆ. ಎಂಟು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆಂದು ಫೋನು ಮಾಡಿದಾಗ ಮಾತು ಬಂತು.

“ಸರ್, ನಿಮ್ಮ ಪದಗಳ ಅಂಕಣ ನಿಲ್ಲಿಸಿಬಿಟ್ಟಿರಲ್ಲ” ಎಂದೆ.

“ಏನ್ ಮಾತಾಡ್ತೀರಿ ಮಾಸ್ತರ? ಒಂದು ವಾರನೂ ಬಿಟ್ಟಿಲ್ಲ. ನಾ ಬರಿಯೂದು ನಿಂತಿಲ್ಲ, ನಿಮಗ ಮುಟ್ಟೂದು ನಿಂತದ” ಎಂದರು. ಸ್ವಲ್ಪ ತಡೆದು, “ನೀವು ಓದಿ ಸುಮ್ಮಗ ಕುಂತೀರಿ ಅಂತ ತಿಳದಿದ್ದೆ” ಎಂದರು.

ಆದದ್ದಿಷ್ಟೆ. ಪತ್ರಿಕೆಯವರು ತಾಣಕ್ಕೆ ಹೊಸ ವಿನ್ಯಾಸ ಮಾಡಿಸಿದ್ದರು. ಹೊಸ ವಿನ್ಯಾಸದಲ್ಲಿ ಫೀಡಿನ ವಿಳಾಸ ಅಳಿದುಹೋಗಿತ್ತು. ಪೇಪರು ಹುಡುಗ ದಿನವೂ ಆ ಬಾಗಿಲಿಗೆ ಹೋಗಿ, ಬಾಗಿಲೇ ಇಲ್ಲದ್ದನ್ನು ಕಂಡು, ನನಗೊಂದು ಮಾತು ಹೇಳದೆ ಮರಳುತ್ತಿದ್ದ. ಫೀಡ್ ರೀಡರುಗಳಲ್ಲಿ ಬರಹಗಾರನ ಮೌನವೂ ದಾರಿಯ ಮೌನವೂ ಒಂದೇ ಬಗೆಯಾಗಿ ಕಾಣುತ್ತವೆ. ಹಳೆಯ ನೆಟ್‌ನ್ಯೂಸ್‌ವೈರಿನ ಮೂರನೆಯ ಆವೃತ್ತಿಯಲ್ಲಿ ಬಹುಕಾಲದಿಂದ ಹೊಸತೇನೂ ಬಾರದ ಫೀಡುಗಳನ್ನು ‘ಡೈನೋಸಾರ್’ಗಳೆಂಬ ವಿನೋದದ ಹೆಸರಿನಲ್ಲಿ ಪಟ್ಟಿಮಾಡಿ ತೋರಿಸುವ ಏರ್ಪಾಡು ಇತ್ತು. ಹೊಸ ಅವತಾರದ ಮೊದಲ ಆವೃತ್ತಿಗಳಲ್ಲಿ ಅದನ್ನು ಬಿಟ್ಟರು. ಟ್ವಿಟರನ್ನು ಕಿತ್ತುಹಾಕಿದ್ದಕ್ಕೆ ಶಹಬಾಸ್ ಎನ್ನುವ ನಾನು ಈ ಚಿಕ್ಕ ಪಟ್ಟಿಯನ್ನು ಕೈಬಿಟ್ಟದ್ದನ್ನು ಔಚಿತ್ಯವೆನ್ನಲಾರೆ. ನಿರ್ವಹಣೆ ಎಂದರೆ ಬಂದದ್ದನ್ನು ಚೆನ್ನಾಗಿ ತೋರಿಸುವುದು ಮಾತ್ರವಲ್ಲ, ಬಾರದೆ ಹೋದದ್ದನ್ನು ಹೇಳುವುದೂ ಅದರೊಳಗೆ ಸೇರಬೇಕು. ಮೂಲಸಂಕೇತ ಬಹಿರಂಗವಾಗಿದೆ, ಬಲ್ಲವರು ಯಾರಾದರೂ ಸೇರಿಸಬಹುದು ಎಂದು ತಮ್ಮ ಹೇಳಿದ. ಬಲ್ಲವರು ಸೇರಿಸಲಿ.

ಆ ಜಾಲಪತ್ರಿಕೆಯ ಸಂಪಾದಕರಿಗೆ ಫೀಡನ್ನು ಮತ್ತೆ ತೆರೆಯಿರೆಂದು ಎರಡು ಸಲ ಬರೆದೆ. ಉತ್ತರ ಬಂದಿಲ್ಲ. ಸದ್ಯಕ್ಕೆ ಗುರುವಾರ ರಾತ್ರಿ ಊಟವಾದ ಮೇಲೆ ನಾನೇ ಆ ತಾಣಕ್ಕೆ ಹೋಗಿ, ಜಾಹೀರಾತುಗಳನ್ನು ಸರಿಸಿ, ಹಿರಿಯರ ಪುಟವನ್ನು ಓದಿ ಬರುತ್ತೇನೆ. ಓದಿದೆನೆಂದು ಅವರಿಗೊಂದು ಸಂದೇಶವನ್ನೂ ಕಳುಹಿಸುತ್ತೇನೆ. ಹಳೆಯ ಫೀಡನ್ನು ಪಟ್ಟಿಯಿಂದ ಇನ್ನೂ ತೆಗೆದಿಲ್ಲ.